ವ್ಯಸನವೂ ಸನ್ನಿವೇಶವೂ

ಅಮೆರಿಕದ ಕೆಂಟಕಿ ಸಂಸ್ಥಾನದ ಲೆಕ್ಸಿಂಗ್ಟನ್ ಪಟ್ಟಣದ ಹೊರವಲಯದಲ್ಲಿ, ಕುದುರೆ ಸಾಕಣೆಗೆ ಹೆಸರಾದ ಹುಲ್ಲುಗಾವಲುಗಳ ನಡುವೆ, ಅಲ್ಲಿನ ಕೇಂದ್ರ ಸರ್ಕಾರವು 1935ರಲ್ಲಿ ಒಂದು ವಿಶಾಲವಾದ ಆಸ್ಪತ್ರೆಯನ್ನು ಸ್ಥಾಪಿಸಿತು. ಅರ್ಧ ಸೆರೆಮನೆಯೂ ಅರ್ಧ ಚಿಕಿತ್ಸಾಲಯವೂ ಆಗಿದ್ದ ಆ ಸಂಸ್ಥೆಯಲ್ಲಿ, ಮಾರ್ಫಿನ್, ಹೆರಾಯಿನ್ ಮೊದಲಾದ ಮಾದಕ ದ್ರವ್ಯಗಳಿಗೆ ದಾಸರಾಗಿ ನ್ಯಾಯಾಲಯದ ಶಿಕ್ಷೆಗೆ ಗುರಿಯಾದವರೂ, ಯಾರ ಬಲವಂತವೂ ಇಲ್ಲದೆ ವಿಮೋಚನೆಯನ್ನು ಬಯಸಿ ತಾವಾಗಿಯೇ ಬಂದವರೂ ಒಂದೇ ಸೂರಿನಡಿಯಲ್ಲಿ ವಾಸಿಸುತ್ತಿದ್ದರು. ಹೊಲದ ಕೆಲಸ, ಹೈನುಗಾರಿಕೆ, ಹೊತ್ತಿಗೆ ಸರಿಯಾದ ಊಟ, ಭಂಗವಿಲ್ಲದ ನಿದ್ರೆ ಇವುಗಳ ಬಲದಿಂದ ಅವರ ದೇಹದಲ್ಲಿದ್ದ ವಿಷವೆಲ್ಲ ಇಳಿದು, ಮೈ ತುಂಬಿಕೊಂಡು, ಯಾವ ವೈದ್ಯನು ಪರೀಕ್ಷಿಸಿದರೂ ರೋಗದ ಚಿಹ್ನೆ ಕಾಣದ ಸ್ಥಿತಿಗೆ ಅವರು ಬರುತ್ತಿದ್ದರು. ಆದರೆ ಅಲ್ಲಿಂದ ಬಿಡುಗಡೆ ಹೊಂದಿ ತಮ್ಮ ತಮ್ಮ ಊರುಗಳಿಗೆ ತೆರಳಿದವರಲ್ಲಿ ಬಹುಪಾಲು ಜನ, ಕೆಲವರಂತೂ ಕೆಲವೇ ದಿನಗಳಲ್ಲಿ, ಮತ್ತೆ ಅದೇ ಸೂಜಿಗೆ ತೋಳನ್ನೊಡ್ಡುತ್ತಿದ್ದರು.

ಆ ಆಸ್ಪತ್ರೆಯಲ್ಲಿ ಸಂಶೋಧನೆ ನಡೆಸುತ್ತಿದ್ದ ಅಬ್ರಹಾಂ ವಿಕ್ಲರ್ ಎಂಬ ವೈದ್ಯರ ದೃಷ್ಟಿಗೆ ಒಂದು ಸಣ್ಣ ಸಂಗತಿ ಬಿತ್ತು. ರೋಗಿಗಳನ್ನು ಒಟ್ಟಿಗೆ ಕೂರಿಸಿ ಮಾತನಾಡಿಸುವ ಹೊತ್ತಿನಲ್ಲಿ, ಮಾತು ಲೋಕಾಭಿರಾಮವಾಗಿ ಸಾಗುತ್ತಿರುವವರೆಗೆ ಎಲ್ಲರೂ ಸ್ವಸ್ಥರಾಗಿಯೇ ಇರುತ್ತಿದ್ದರು. ಅದೇ ಮಾತು ಮಾದಕ ದ್ರವ್ಯದ ಕಡೆಗೆ ಹೊರಳಿತೆಂದರೆ ಒಬ್ಬನಿಗೆ ಆಕಳಿಕೆ ಬರುವುದು, ಇನ್ನೊಬ್ಬನ ಕಣ್ಣಲ್ಲಿ ನೀರಾಡುವುದು, ಮತ್ತೊಬ್ಬನು ಸೋರುವ ಮೂಗನ್ನು ಒರೆಸಿಕೊಳ್ಳತೊಡಗುವುದು. ನೆಗಡಿಯವರಂತೆ ಕಾಣುತ್ತಿದ್ದ ಈ ಜನರಲ್ಲಿ ನೆಗಡಿ ಇರಲಿಲ್ಲ. ಅಫೀಮಿನ ವರ್ಗದ ದ್ರವ್ಯವನ್ನು ಥಟ್ಟನೆ ನಿಲ್ಲಿಸಿದಾಗ ಮೊದಲ ಒಂದೆರಡು ದಿನಗಳಲ್ಲಿ ದೇಹವು ತೋರುವ ಯಾತನೆಯ ಲಕ್ಷಣಗಳಿವು. ದ್ರವ್ಯವನ್ನು ಬಿಟ್ಟು ತಿಂಗಳುಗಳೇ ಕಳೆದಿದ್ದವರ ದೇಹದಲ್ಲಿ, ಬರಿಯ ಮಾತಿನ ಸ್ಪರ್ಶದಿಂದ ಅವು ಮರುಕಳಿಸಿದ್ದವು. ದ್ರವ್ಯದ ಸೇವನೆಯೊಂದಿಗೆ ವರ್ಷಗಟ್ಟಲೆ ಹೆಣೆದುಕೊಂಡು ಬಂದ ಸ್ಥಳ, ವ್ಯಕ್ತಿ, ಮಾತು, ವಸ್ತುಗಳೇ ಕಾಲಾಂತರದಲ್ಲಿ ದ್ರವ್ಯದ ಅಭಾವದ ನೋವನ್ನೂ ಅದರ ಬಯಕೆಯನ್ನೂ ಎಬ್ಬಿಸುವ ಶಕ್ತಿಯನ್ನು ಪಡೆದುಕೊಳ್ಳುತ್ತವೆ ಎಂಬ ಸಿದ್ಧಾಂತವನ್ನು ವಿಕ್ಲರ್ 1948ರಲ್ಲಿ ಮಂಡಿಸಿದರು.

ಈ ಸಿದ್ಧಾಂತ ಪ್ರಕಟವಾಗಿ ಮುಕ್ಕಾಲು ಶತಮಾನ ಸಂದಿದೆ. ಆದರೂ ನಮ್ಮ ನಡುವೆ ಕುಡಿತವನ್ನು ಬಿಟ್ಟವನೊಬ್ಬನು ಮತ್ತೆ ಕುಡಿದು ಬಂದಾಗ, ‘ನಾಯಿ ಬಾಲ ಎಂದಿದ್ದರೂ ಡೊಂಕೇ’ ಎಂದು ಊರು ಆಡುತ್ತದೆ. ‘ನಮ್ಮ ಮೇಲೆ ಪ್ರೀತಿಯಿದ್ದರೆ ಹೀಗೆ ಮಾಡುತ್ತಿದ್ದೆಯಾ’ ಎಂದು ಮನೆ ಕಣ್ಣೀರಿಡುತ್ತದೆ. ಅವನಾದರೋ ತಾನು ಮನುಷ್ಯನೇ ಅಲ್ಲವೆಂದು ನಂಬಿ, ಆ ಅವಮಾನವನ್ನು ನುಂಗಲಾರದೆ ಮತ್ತೊಂದು ಗುಟುಕನ್ನು ನುಂಗುತ್ತಾನೆ. ಆಣೆಯಿಟ್ಟವನ ಆಣೆ ಸುಳ್ಳಲ್ಲ, ಪ್ರೀತಿಯೂ ಸುಳ್ಳಲ್ಲ. ಆಣೆಗೂ ಪ್ರೀತಿಗೂ ಕಿವಿಗೊಡದ ಒಂದು ಬಗೆಯ ಸ್ಮೃತಿ ಮಿದುಳಿನಲ್ಲಿ ನೆಲೆಗೊಂಡಿರುತ್ತದೆ, ಅದನ್ನು ಎಚ್ಚರಿಸುವುದು ಹೊರಗಿನ ಸನ್ನಿವೇಶ ಎಂಬುದನ್ನು ಅರಿತವರು ಮಾತ್ರವೇ ಇಂಥವನಿಗೆ ನೆರವಾಗಬಲ್ಲರು ಎಂಬುದು ನನ್ನ ದೃಢವಾದ ನಂಬಿಕೆ.

ವಿಕ್ಲರ್ ಆಶ್ರಯಿಸಿದ ತತ್ತ್ವದ ಮೂಲವು ರಷ್ಯದ ಇವಾನ್ ಪಾವ್ಲೊವ್ ಅವರಲ್ಲಿದೆ. ಆಹಾರದ ಮುನ್ಸೂಚನೆಯಾಗಿ ಒಂದು ನಾದವನ್ನು ಮತ್ತೆ ಮತ್ತೆ ಕೇಳಿಸಿದರೆ ಕೊನೆಗೆ ಆಹಾರವಿಲ್ಲದೆ ಆ ನಾದಕ್ಕೇ ನಾಯಿಯ ಬಾಯಲ್ಲಿ ನೀರೂರುವುದೆಂಬ ಅವರ ಪ್ರಯೋಗವನ್ನು ಶಾಲೆಯ ಮಕ್ಕಳೂ ಬಲ್ಲರು. ಆದರೆ ಅವರ ಗ್ರಂಥದಲ್ಲಿಯೇ ಉಕ್ತವಾದ ಇನ್ನೊಂದು ಪ್ರಯೋಗಕ್ಕೆ ಅಷ್ಟು ಪ್ರಸಿದ್ಧಿ ಬಂದಿಲ್ಲ. ನಾಯಿಗೆ ಮಾರ್ಫಿನ್ ಚುಚ್ಚಿದರೆ ಮೊದಲು ಜೊಲ್ಲು ಸುರಿದು, ವಾಂತಿಯಾಗಿ, ಆಮೇಲೆ ಗಾಢವಾದ ನಿದ್ರೆ ಆವರಿಸುತ್ತದೆ. ದಿನವೂ ಹೀಗೆ ಚುಚ್ಚುತ್ತ ಐದಾರು ದಿನ ಕಳೆಯುವಷ್ಟರಲ್ಲಿ, ಚುಚ್ಚುವ ಮುನ್ನಿನ ಸಿದ್ಧತೆಗಳನ್ನು ಕಂಡೊಡನೆಯೇ ಆ ಪ್ರಾಣಿ ಜೊಲ್ಲು ಸುರಿಸಿ, ವಾಂತಿ ಮಾಡಿ, ತೂಕಡಿಸತೊಡಗಿತು. ಕೆಲವು ನಾಯಿಗಳಿಗಂತೂ ಪ್ರಯೋಗ ನಡೆಸುವಾತನ ಮುಖದರ್ಶನವೇ ಸಾಕಾಯಿತು. ಇದಕ್ಕೆ ಮನಶ್ಶಾಸ್ತ್ರದಲ್ಲಿ ಅನುಬಂಧನವೆಂದು ಹೆಸರು.

ಮನುಷ್ಯನಲ್ಲಿಯೂ ಹೀಗೆಯೇ ಆಗುವುದೇ ಎಂಬ ಪ್ರಶ್ನೆಗೆ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ಚಾರ್ಲ್ಸ್ ಒಬ್ರಯನ್ ಅವರೂ ಅವರ ಸಂಗಡಿಗರೂ 1977ರಲ್ಲಿ ಉತ್ತರವಿತ್ತರು. ಹೆರಾಯಿನ್ ಚಟದಿಂದ ಪಾರಾಗಲು ಮೆಥಡೋನ್ ಎಂಬ ಔಷಧವನ್ನು ತೆಗೆದುಕೊಳ್ಳುತ್ತಿದ್ದವರು ಸ್ವಇಚ್ಛೆಯಿಂದ ಒಪ್ಪಿ ಈ ಪ್ರಯೋಗದಲ್ಲಿ ಭಾಗವಹಿಸಿದರು. ಆ ಔಷಧದ ಪರಿಣಾಮವನ್ನು ಕ್ಷಣದಲ್ಲಿ ತಡೆಯುವ ನಲಾಕ್ಸೋನ್ ಎಂಬ ಇನ್ನೊಂದು ಔಷಧವನ್ನು ಅತ್ಯಲ್ಪ ಪ್ರಮಾಣದಲ್ಲಿ ಚುಚ್ಚಿ, ಅದೇ ವೇಳೆಗೆ ಒಂದು ನಾದವನ್ನು ಕೇಳಿಸಿ, ಪುದೀನಾದಂಥ ಒಂದು ಪರಿಮಳವನ್ನು ಮೂಸಿಸಿದರು. ಹೀಗೆ ಕೆಲವು ಬಾರಿ ನಡೆದ ಮೇಲೆ ಸೂಜಿಯಲ್ಲಿ ಬರಿಯ ಉಪ್ಪುನೀರಿದ್ದರೂ, ಆ ನಾದವೂ ಆ ಪರಿಮಳವೂ ಸೋಕಿದ್ದೇ ತಡ, ಕಣ್ಣೀರು, ಆಕಳಿಕೆ, ಮೂಗಿನ ಸೋರಿಕೆ, ನಾಡಿಯ ವೇಗ ಎಲ್ಲವೂ ಕಾಣಿಸಿಕೊಂಡವು. ಲೆಕ್ಸಿಂಗ್ಟನ್ನಿನ ರೋಗಿಗಳಲ್ಲಿ ವಿಕ್ಲರ್ ಊಹಿಸಿದ್ದ ಪ್ರಕ್ರಿಯೆಯನ್ನು ಪ್ರಯೋಗಶಾಲೆಯಲ್ಲಿ ಹೊಸದಾಗಿ ಸೃಷ್ಟಿಸಿ ತೋರಿಸಿದಂತಾಯಿತು.

ಪರಿಮಳವೊಂದು ಸುಖವನ್ನು ನೆನಪಿಗೆ ತಂದೀತು; ಯಾತನೆಯನ್ನು ತರುವುದೇತಕ್ಕೆ? ದೇಹವು ಸದಾ ಸಮತೋಲವನ್ನು ಕಾಯ್ದುಕೊಳ್ಳುವ ಸ್ವಭಾವದ್ದು. ಹೆರಾಯಿನ್ ಉಸಿರಾಟವನ್ನು ಮಂದಗೊಳಿಸುತ್ತದೆ, ನೋವನ್ನು ಅಡಗಿಸುತ್ತದೆ. ಇದು ದಿನದಿನವೂ ಒದಗುವ ಆಘಾತವೆಂದು ಅರಿತ ದೇಹವು, ದ್ರವ್ಯ ಒಳಹೊಗುವ ಮುನ್ನವೇ ಅದಕ್ಕೆ ಪ್ರತಿಕೂಲವಾದ ಸಿದ್ಧತೆಯನ್ನು ಆರಂಭಿಸುವುದನ್ನು ಕಲಿಯುತ್ತದೆ. ಆ ಸಿದ್ಧತೆಗೆ ಮುನ್ಸೂಚನೆಯಾಗುವುದು ಅದೇ ಕೋಣೆ, ಅದೇ ಗೆಳೆಯ, ಅದೇ ಹೊತ್ತು. ಸೂಚನೆ ಬಂದು, ದೇಹ ಸಿದ್ಧವಾಗಿ, ದ್ರವ್ಯ ಮಾತ್ರ ಬಾರದಿದ್ದರೆ, ಎದುರಾಳಿಯಿಲ್ಲದ ಆ ಸಿದ್ಧತೆಯೇ ಚಡಪಡಿಕೆಯಾಗಿ, ಬೆವರಾಗಿ, ತಡೆಯಲಾರದ ಬಯಕೆಯಾಗಿ ಅನುಭವಕ್ಕೆ ಬರುತ್ತದೆ.

ಈ ಮಾತಿಗೆ ಕೆನಡದ ಮೆಕ್‌ಮಾಸ್ಟರ್ ವಿಶ್ವವಿದ್ಯಾನಿಲಯದ ಶೆಪರ್ಡ್ ಸೀಗಲ್ 1982ರಲ್ಲಿ ಒದಗಿಸಿದ ಪ್ರಮಾಣ ಭಯಾನಕವಾದುದು. ಇಲಿಗಳಿಗೆ ಒಂದು ನಿರ್ದಿಷ್ಟ ಕೋಣೆಯಲ್ಲಿ ಹೆರಾಯಿನ್ ಚುಚ್ಚಿ ಚುಚ್ಚಿ ರೂಢಿಮಾಡಿಸಿ, ಕೊನೆಗೆ ಒಂದು ದಿನ ಎಲ್ಲಕ್ಕೂ ಅತಿಯಾದ ಒಂದೇ ಪ್ರಮಾಣವನ್ನು ಕೊಡಲಾಯಿತು. ಹೆರಾಯಿನ್ನಿನ ಪರಿಚಯವೇ ಇಲ್ಲದ ಇಲಿಗಳಲ್ಲಿ ನೂರಕ್ಕೆ 96 ಸತ್ತವು. ರೂಢಿಯ ಕೋಣೆಯಲ್ಲಿಯೇ ಚುಚ್ಚಿಸಿಕೊಂಡವುಗಳಲ್ಲಿ ಸತ್ತದ್ದು ನೂರಕ್ಕೆ 32. ಅದೇ ಪೂರ್ವಾನುಭವವುಳ್ಳ ಇಲಿಗಳಿಗೆ ಅದೇ ಪ್ರಮಾಣವನ್ನು ಹೆರಾಯಿನ್ನಿನೊಂದಿಗೆ ಸಂಬಂಧವಿಲ್ಲದ ಬೇರೊಂದು ಕೋಣೆಯಲ್ಲಿ ಚುಚ್ಚಿದಾಗ ನೂರಕ್ಕೆ 64 ಸತ್ತವು. ಪ್ರಾಣಿ ಒಂದೇ, ದ್ರವ್ಯ ಒಂದೇ, ಪ್ರಮಾಣ ಒಂದೇ. ಗೋಡೆಗಳು ಬದಲಾದದ್ದರಿಂದ ಸಾವು ಇಮ್ಮಡಿಯಾಯಿತು. ರೂಢಿಯ ಕೋಣೆ ದೇಹವನ್ನು ಸಿದ್ಧಗೊಳಿಸಿತ್ತು, ಬೇರೆ ಕೋಣೆ ಎಚ್ಚರಿಸಲಿಲ್ಲ. ಹೊಸ ಸ್ಥಳದಲ್ಲಿ ಎಂದಿನ ಪ್ರಮಾಣವನ್ನೇ ತೆಗೆದುಕೊಂಡು ಪ್ರಾಣಾಪಾಯಕ್ಕೆ ಒಳಗಾದ ಮನುಷ್ಯರ ವೃತ್ತಾಂತಗಳನ್ನೂ ಸೀಗಲ್ ಸಂಗ್ರಹಿಸಿದ್ದಾರೆ. ಇದಕ್ಕೆ ಇನ್ನೊಂದು ಸಂಗತಿಯನ್ನು ಸೇರಿಸಿಕೊಳ್ಳಬೇಕು: ಕೆಲವು ವಾರ ದ್ರವ್ಯವಿಲ್ಲದೆ ಇದ್ದ ದೇಹದಲ್ಲಿ ಸಹನಶಕ್ತಿಯೂ ಇಳಿದಿರುತ್ತದೆ. ಸೆರೆಮನೆಯಿಂದಲೋ ಆಸ್ಪತ್ರೆಯಿಂದಲೋ ಹೊರಬಂದವನು ಹಿಂದಿನ ಅಳತೆಯನ್ನೇ ನಂಬಿ ಚುಚ್ಚಿಕೊಂಡರೆ ಅದೇ ಅವನ ಕಡೆಯ ಚುಚ್ಚಾಗಬಹುದು.

ಇಷ್ಟು ದೇಹದ ಮಾತಾಯಿತು. ಮಿದುಳಿನ ಒಳಗೆ ಏನಾಗುವುದೆಂಬುದನ್ನು ಅರಿಯಲು ಮಾಂಟ್ರಿಯಲ್ಲಿನ ಮೆಕ್‌ಗಿಲ್ ವಿಶ್ವವಿದ್ಯಾನಿಲಯದ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ 1954ರಲ್ಲಿ ದಾರಿ ತೆರೆದರು. ಮಿದುಳಿನ ಕೆಲವು ಆಳವಾದ ಭಾಗಗಳಿಗೆ ಸೂಕ್ಷ್ಮವಾದ ವಿದ್ಯುತ್ ತಂತಿಯನ್ನು ತಾಗಿಸಿ, ಸನ್ನೆಯನ್ನು ಒತ್ತಿದರೆ ಪ್ರವಾಹ ಹರಿಯುವಂತೆ ಮಾಡಿದಾಗ ಇಲಿಯು ಬೇರೆಲ್ಲವನ್ನೂ ಮರೆತು ಆ ಸನ್ನೆಯನ್ನೇ ಒತ್ತುತ್ತಿತ್ತು. ಈ ಭಾಗಗಳಲ್ಲಿ ಕೆಲಸಮಾಡುವ ಮುಖ್ಯವಾದ ರಾಸಾಯನಿಕವೇ ಡೋಪಮಿನ್. ಇದನ್ನು ‘ಸುಖದ ರಸಾಯನ’ವೆಂದು ಕರೆಯುವ ವಾಡಿಕೆ ಪತ್ರಿಕೆಗಳಲ್ಲಿ ಬೆಳೆದುಬಂದಿದೆ, ಅದು ಸರಿಯಲ್ಲ. ವುಲ್ಫ್ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ ಮಂಗಗಳ ಮಿದುಳಿನ ಡೋಪಮಿನ್ ಕೋಶಗಳ ವ್ಯಾಪಾರವನ್ನು ಒಂದೊಂದಾಗಿ ಆಲಿಸಿ ನೋಡಿದರು. ನಿರೀಕ್ಷೆಯಿಲ್ಲದೆ ಹಣ್ಣಿನ ರಸದ ಹನಿಯೊಂದು ನಾಲಗೆಗೆ ಬಿದ್ದಾಗ ಆ ಕೋಶಗಳು ಚುರುಕಾಗಿ ಮಿಡಿದವು. ರಸಕ್ಕೆ ಮುಂಚೆ ಪ್ರತಿಸಲವೂ ಒಂದು ದೀಪವನ್ನು ಬೆಳಗಿಸುತ್ತ ಬಂದಾಗ, ಕ್ರಮೇಣ ಆ ಮಿಡಿತವು ರಸವನ್ನು ಬಿಟ್ಟು ದೀಪಕ್ಕೆ ಸ್ಥಳಾಂತರಗೊಂಡಿತು. ರಸ ಬಂದಾಗ ಅವು ನಿರ್ವಿಕಾರವಾಗಿದ್ದವು. ದೀಪ ಬೆಳಗಿಯೂ ರಸ ಬಾರದಿದ್ದ ದಿನ, ರಸ ಬರಬೇಕಾಗಿದ್ದ ಆ ಕ್ಷಣಕ್ಕೆ ಸರಿಯಾಗಿ ಮಿಡಿತವು ಎಂದಿನ ಮಟ್ಟಕ್ಕಿಂತ ಕೆಳಗಿಳಿಯಿತು. ಆದುದರಿಂದ ಈ ಕೋಶಗಳು ಸಾರುವುದು ಸುಖವನ್ನಲ್ಲ, ನಿರೀಕ್ಷೆಗೂ ಪ್ರಾಪ್ತಿಗೂ ನಡುವಣ ಅಂತರವನ್ನು ಎಂದು ಶುಲ್ಟ್ಸ್ ಮತ್ತು ಇತರರು 1997ರಲ್ಲಿ ನಿರೂಪಿಸಿದರು.

ಆಹಾರದ ವಿಷಯದಲ್ಲಿ ಈ ಏರ್ಪಾಡು ಪ್ರಾಣರಕ್ಷಕವಾದುದು. ಮಾದಕ ದ್ರವ್ಯವಾದರೋ ನಿರೀಕ್ಷೆಯ ಲೆಕ್ಕಾಚಾರಕ್ಕೆ ಒಳಪಡದೆ, ತನ್ನ ರಾಸಾಯನಿಕ ಬಲದಿಂದಲೇ ಪ್ರತಿಸಲವೂ ಡೋಪಮಿನ್ನನ್ನು ಉಕ್ಕಿಸುತ್ತದೆ. ಹೀಗಾಗಿ ಅದರೊಡನೆ ಬರುವ ಸೂಚನೆಗಳಿಗೆ ಆಹಾರದ ಸೂಚನೆಗಳಿಗೆ ಎಂದೂ ದೊರೆಯದಷ್ಟು ಬೆಲೆ ಕಟ್ಟಿದಂತಾಗುತ್ತದೆಂಬುದು ಹಲವು ವಿಜ್ಞಾನಿಗಳ ಅಭಿಪ್ರಾಯ. ಸಿಗರೇಟಿನ ಹೊಗೆಯಲ್ಲಿರುವ ನಿಕೋಟಿನ್ ಹತ್ತಿಪ್ಪತ್ತು ಸೆಕೆಂಡುಗಳೊಳಗೆ ಮಿದುಳನ್ನು ಮುಟ್ಟುತ್ತದೆ. ದಿನಕ್ಕೆ 20 ಸಿಗರೇಟು, ಒಂದೊಂದಕ್ಕೆ ಹತ್ತು ಸಲ ಹೊಗೆ ಎಳೆದರೂ ವರ್ಷಕ್ಕೆ 73,000 ಬಾರಿ, ಬೆರಳ ನಡುವಿನ ಸ್ಪರ್ಶಕ್ಕೂ ಮಿದುಳಿನ ಈ ಮಿಡಿತಕ್ಕೂ ಗಂಟು ಬೀಳುತ್ತದೆ. ಯಾವ ಗುರುವೂ ಯಾವ ಶಿಷ್ಯನಿಗೂ ಒಂದು ಪಾಠವನ್ನು ಅಷ್ಟು ಸಲ ಹೇಳಿಕೊಟ್ಟಿರಲಾರನು.

ಬಹುಕಾಲದ ಕುಡುಕರು ‘ಈಗ ಕುಡಿದರೆ ಸಂತೋಷವೇನೂ ಇಲ್ಲ, ಆದರೂ ಬೇಕು’ ಎನ್ನುವುದುಂಟು. ಕೇಳಿದವರು ಅದನ್ನು ನೆಪವೆಂದು ತಳ್ಳಿಹಾಕುತ್ತಾರೆ. ಮಿಷಿಗನ್ ವಿಶ್ವವಿದ್ಯಾನಿಲಯದ ಟೆರಿ ರಾಬಿನ್ಸನ್ ಮತ್ತು ಕೆಂಟ್ ಬೆರಿಜ್ 1993ರಲ್ಲಿ ಪ್ರತಿಪಾದಿಸಿದ ಸಿದ್ಧಾಂತದ ಪ್ರಕಾರ ಆ ಮಾತು ಅಕ್ಷರಶಃ ನಿಜ. ಒಂದು ವಸ್ತುವನ್ನು ಬಯಸುವುದಕ್ಕೂ ಅದರಿಂದ ಆನಂದಿಸುವುದಕ್ಕೂ ಮಿದುಳಿನಲ್ಲಿ ಬೇರೆ ಬೇರೆ ವ್ಯವಸ್ಥೆಗಳಿದ್ದು, ವ್ಯಸನದಲ್ಲಿ ಮೊದಲನೆಯದು ಮಾತ್ರ ತೀಕ್ಷ್ಣವಾಗುತ್ತ ಹೋಗುತ್ತದೆ. ಆನಂದ ಇದ್ದಲ್ಲೇ ಇರಬಹುದು, ಕುಂದಲೂಬಹುದು. ಹಾಗೆ ತೀಕ್ಷ್ಣವಾದ ಬಯಕೆಯನ್ನು ಬಡಿದೆಬ್ಬಿಸುವುದು ಸನ್ನಿವೇಶದ ಸೂಚನೆಗಳೇ.

ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ಅನ್ನಾ ರೋಸ್ ಚೈಲ್ಡ್ರೆಸ್ ಅವರ ಪ್ರಯೋಗಗಳನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಕೊಕೇನ್ ಚಟವಿದ್ದು ಆಗ ಅದನ್ನು ಬಿಟ್ಟಿದ್ದವರಿಗೆ ಅವರು ಎರಡು ಚಲನಚಿತ್ರಗಳನ್ನು ತೋರಿಸಿದರು. ಒಂದರಲ್ಲಿ ಪ್ರಕೃತಿಯ ದೃಶ್ಯಗಳು, ಇನ್ನೊಂದರಲ್ಲಿ ಕೊಕೇನನ್ನು ಕೊಳ್ಳುವ, ಸಿದ್ಧಪಡಿಸುವ, ಸೇದುವ ದೃಶ್ಯಗಳು. ಎರಡನೆಯದನ್ನು ನೋಡುವಾಗ ಅವರಲ್ಲಿ ಬಯಕೆ ಕೆರಳಿದ್ದಲ್ಲದೆ, ಭಾವಸ್ಮೃತಿಗೆ ಸಂಬಂಧಪಟ್ಟ ಅಮಿಗ್ಡಲ ಮೊದಲಾದ ಮಿದುಳಿನ ಭಾಗಗಳಿಗೆ ರಕ್ತಸಂಚಾರ ಹೆಚ್ಚಿತು. ಕೊಕೇನನ್ನು ಕಂಡರಿಯದವರಲ್ಲಿ ಹಾಗಾಗಲಿಲ್ಲ. ಇದು 1999ರ ಮಾತು. ಮುಂದೆ 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅವರು ಕೊಕೇನಿನ ಚಿತ್ರಗಳನ್ನು ಕೇವಲ 33 ಮಿಲಿಸೆಕೆಂಡುಗಳ ಕಾಲ, ಅಂದರೆ ಒಂದು ಸೆಕೆಂಡಿನ ಮೂವತ್ತರಲ್ಲೊಂದು ಭಾಗದಷ್ಟು ಹೊತ್ತು ಮಾತ್ರ ತೋರಿಸಿ, ಒಡನೆಯೇ ಬೇರೊಂದು ಚಿತ್ರದಿಂದ ಮುಚ್ಚಿದರು. ಮುಂದಿನ ಚಿತ್ರ ಕಂಡಿತೇ ಹೊರತು ಕೊಕೇನಿನ ಚಿತ್ರ ತಮ್ಮ ಕಣ್ಣೆದುರಿಗೆ ಹಾದುಹೋಯಿತೆಂಬುದೇ ನೋಡಿದವರ ಅರಿವಿಗೆ ಬರಲಿಲ್ಲ. ಅವರ ಮಿದುಳು ಮಾತ್ರ ಅದನ್ನು ಕಂಡಿತ್ತು, ಆ ಆಳದ ಭಾಗಗಳು ಉದ್ದೀಪನಗೊಂಡಿದ್ದವು.

ಈ ಒಂದು ಸಂಗತಿಯನ್ನು ಓದುಗರು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ. ಸಂಕಲ್ಪವೆಂಬುದು ಪ್ರಜ್ಞೆಯ ವ್ಯಾಪಾರ. ಕಂಡದ್ದನ್ನು ವಿವೇಚಿಸಿ ಬೇಡವೆನ್ನುವ ಶಕ್ತಿ ಅದು. ಆದರೆ ಕಂಡೆನೆಂಬ ಅರಿವು ಹುಟ್ಟುವುದಕ್ಕೆ ಮೊದಲೇ ಬಯಕೆ ಎದ್ದು ನಡೆಯತೊಡಗಿದ್ದರೆ, ಸಂಕಲ್ಪವು ಕಾದಾಟಕ್ಕೆ ಬರುವಷ್ಟರಲ್ಲಿ ಅರ್ಧ ರಣರಂಗ ಕೈಬಿಟ್ಟಿರುತ್ತದೆ. ನೋರಾ ವೋಲ್ಕೋವ್ ಮತ್ತು ಅವರ ಸಹೋದ್ಯೋಗಿಗಳು 2006ರಲ್ಲಿ ಕೊಕೇನ್ ವ್ಯಸನಿಗಳಿಗೆ ಇದೇ ಬಗೆಯ ಚಲನಚಿತ್ರವನ್ನು ತೋರಿಸಿದಾಗ, ರೂಢಿಯ ಚಲನೆಗಳನ್ನು ನಿರ್ವಹಿಸುವ ಡಾರ್ಸಲ್ ಸ್ಟ್ರಯೇಟಮ್ ಎಂಬ ಭಾಗದಲ್ಲಿ ಡೋಪಮಿನ್ ಏರಿತು. ಬಯಕೆ ಹೆಚ್ಚಾದವರಲ್ಲಿ ಆ ಏರಿಕೆಯೂ ಹೆಚ್ಚಾಗಿತ್ತು. ಸೈಕಲ್ ತುಳಿಯುವುದನ್ನೂ ಬೀಗ ಹಾಕುವುದನ್ನೂ ಯೋಚಿಸದೆ ಮಾಡಿಸುವ ಅದೇ ಭಾಗವು ಇವರನ್ನು ಕೊಕೇನಿನ ಕಡೆಗೆ ಸೆಳೆಯುತ್ತಿತ್ತು.

ನಮ್ಮ ನಾಡಿನಲ್ಲಿ ಈ ಸೂಚನೆಗಳು ಯಾವುವು? ಹೊಗೆಸೊಪ್ಪಿನ ಅಭ್ಯಾಸವಿದ್ದವನು ಊಟ ಮುಗಿಸಿ ಕೈ ತೊಳೆದು ಜಗಲಿಗೆ ಬಂದು ಕುಳಿತಾಗ, ಎಡ ಅಂಗೈಯಲ್ಲಿ ಸೊಪ್ಪನ್ನಿಟ್ಟು, ಡಬ್ಬಿಯಿಂದ ಉಗುರಿನ ತುದಿಯಲ್ಲಿ ಸುಣ್ಣವನ್ನು ತೆಗೆದು, ಬಲ ಹೆಬ್ಬೆರಳಿನಿಂದ ತಿಕ್ಕಿ, ಒಮ್ಮೆ ತಟ್ಟಿ ದೂಳು ಹಾರಿಸಿ, ಕೆಳದುಟಿಯ ಒಳಗೆ ಸೇರಿಸುತ್ತಾನೆ. ಬಿಟ್ಟು ತಿಂಗಳಾದ ಮೇಲೂ ಕೈ ತೊಳೆದ ಮರುಗಳಿಗೆಯಲ್ಲಿ ಹೆಬ್ಬೆರಳು ತಾನಾಗಿಯೇ ಅಂಗೈಯನ್ನು ತಿಕ್ಕುತ್ತದೆ. ಊಟದ ಮುಕ್ತಾಯವೇ ಅವನ ಸೂಚನೆ. ಗಾರೆಯವನಿಗೆ ಶನಿವಾರದ ಬಟವಾಡೆ, ಕೈಗೆ ಬಂದ ನೋಟುಗಳ ಸ್ಪರ್ಶ, ಸಂಜೆಗತ್ತಲು, ಜೊತೆಗಾರನ ‘ಬಾರೋ, ಒಂದು ಕ್ವಾರ್ಟರ್’ ಎಂಬ ಕರೆ, ವೈನ್ ಶಾಪಿನ ಮುಂದೆ ಹುರಿದ ಕಡಲೆಬೀಜದ ವಾಸನೆ, ಟೆಟ್ರಾ ಪ್ಯಾಕಿನ ಮೂಲೆಯನ್ನು ಹಲ್ಲಿನಿಂದ ಹರಿಯುವ ಸದ್ದು. ಹೊರಗಿನವಷ್ಟೇ ಅಲ್ಲ, ಒಳಗಿನವೂ ಉಂಟು: ಜಗಳವಾದ ಮೇಲಿನ ಉಮ್ಮಳ, ಒಂಟಿತನ, ಆಯಾಸ, ಹಸಿವು. ಮದುವೆಮನೆಯ ಹರ್ಷವೂ ಸೂಚನೆಯಾಗಬಲ್ಲದು. ಮದ್ಯದ ಜಾಹೀರಾತಿಗೆ ನಿಷೇಧವಿದ್ದರೂ, ಅದೇ ಹೆಸರಿನಲ್ಲಿ, ಅದೇ ಬಣ್ಣದಲ್ಲಿ ಸೋಡದ ಜಾಹೀರಾತು ರಾರಾಜಿಸುತ್ತದೆ. 33 ಮಿಲಿಸೆಕೆಂಡುಗಳ ಚಿತ್ರಕ್ಕೆ ಕದಲುವ ಮಿದುಳಿನ ಎದುರಿಗೆ ಹೆದ್ದಾರಿಯ ಬದಿಯಲ್ಲಿ ಆಳೆತ್ತರದ ಫಲಕವನ್ನು ನಿಲ್ಲಿಸುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಸನ್ನಿವೇಶವು ಬಯಕೆಯನ್ನು ಎಬ್ಬಿಸುವುದಾದರೆ, ಸನ್ನಿವೇಶ ಬದಲಾದಾಗ ಅದು ಮಲಗಬೇಕಷ್ಟೆ. ಯಾರೂ ಉದ್ದೇಶಿಸದೆಯೇ ಚರಿತ್ರೆಯು ಈ ಪರೀಕ್ಷೆಯನ್ನು ನಡೆಸಿತು. ವಿಯೆಟ್ನಾಂ ಯುದ್ಧದ ಕಡೆಯ ವರ್ಷಗಳಲ್ಲಿ ಅಲ್ಲಿದ್ದ ಅಮೆರಿಕದ ಸೈನಿಕರಿಗೆ ಹೆರಾಯಿನ್ ಅಗ್ಗವಾಗಿಯೂ ಶುದ್ಧವಾಗಿಯೂ ಬೇಕಾದಷ್ಟು ದೊರೆಯುತ್ತಿತ್ತು. ಆ ಸೈನಿಕರೆಲ್ಲ ಚಟದೊಡನೆ ಊರಿಗೆ ಮರಳಿದರೆ ಗತಿಯೇನೆಂದು 1971ರಲ್ಲಿ ಅಮೆರಿಕ ಸರ್ಕಾರವು ಕಳವಳಗೊಂಡು, ಮೂತ್ರಪರೀಕ್ಷೆಯಲ್ಲಿ ತೇರ್ಗಡೆಯಾಗದವರನ್ನು ವಿಮಾನ ಹತ್ತಿಸದೆ ತಡೆದು ಚಿಕಿತ್ಸೆ ಕೊಡಿಸುವ ಏರ್ಪಾಡನ್ನು ಮಾಡಿತು. ಮರಳಿದವರ ಮುಂದಿನ ಜೀವನವನ್ನು ಅಭ್ಯಸಿಸುವ ಹೊಣೆ ಲೀ ರಾಬಿನ್ಸ್ ಎಂಬ ವಿದುಷಿಗೆ ಬಂತು. ಅವರು ವಿಚಾರಿಸಿದ ಸೈನಿಕರಲ್ಲಿ ಸುಮಾರು ಐದರಲ್ಲೊಬ್ಬನು ವಿಯೆಟ್ನಾಮಿನಲ್ಲಿ ತಾನು ಚಟಕ್ಕೆ ಸಿಕ್ಕಿದ್ದೆನೆಂದು ಒಪ್ಪಿಕೊಂಡನು. ಹೀಗೆ ಚಟಕ್ಕೆ ಸಿಕ್ಕಿದ್ದವರಲ್ಲಿ ಊರಿಗೆ ಬಂದ ಮೊದಲ ವರ್ಷ ಮತ್ತೆ ಅದಕ್ಕೆ ದಾಸರಾದವರು ನೂರಕ್ಕೆ ಸುಮಾರು 5 ಜನ ಮಾತ್ರ. ಮೂರು ವರ್ಷಗಳ ಅವಧಿಯನ್ನು ತೆಗೆದುಕೊಂಡರೂ ನೂರಕ್ಕೆ ಸುಮಾರು 12. ಲೆಕ್ಸಿಂಗ್ಟನ್ನಿನ ಅನುಭವವಿದ್ದವರಿಗೆ ಈ ಅಂಕಿಗಳು ನಂಬಲಸಾಧ್ಯವಾಗಿ ತೋರಿದವು. ರಾಬಿನ್ಸ್ ತಮ್ಮ ಲೆಕ್ಕವನ್ನು ಬಹುಕಾಲ ಸಮರ್ಥಿಸಿಕೊಳ್ಳಬೇಕಾಯಿತು.

ಇದಕ್ಕೆ ಸನ್ನಿವೇಶವೊಂದೇ ಕಾರಣವೆನ್ನುವುದು ಆತುರದ ತೀರ್ಮಾನವಾದೀತು. ಯುದ್ಧದ ಭೀತಿ ನೀಗಿತ್ತು, ಊರಿನಲ್ಲಿ ಹೆರಾಯಿನ್ ದುಬಾರಿಯಾಗಿತ್ತು, ಸೂಜಿಯಿಂದ ಚುಚ್ಚಿಕೊಳ್ಳಬೇಕಿತ್ತು, ಬಂಧುಗಳ ಕಣ್ಣಿತ್ತು. ಆದರೂ ಒಂದು ಭೇದ ಎದ್ದು ಕಾಣುತ್ತದೆ. ಸೈನಿಕನು ಚಟ ಹತ್ತಿದ ನೆಲವನ್ನು ಸಾಗರದಾಚೆಗೆ ಬಿಟ್ಟು ಬಂದನು. ಲೆಕ್ಸಿಂಗ್ಟನ್ನಿನ ರೋಗಿಯಾದರೋ ಚಟ ಹತ್ತಿದ ಬೀದಿಗೇ ಮರಳಿದನು.

ನಮ್ಮವರ ಪಾಡು ಲೆಕ್ಸಿಂಗ್ಟನ್ನಿನ ರೋಗಿಯದೇ. ಶ್ರೀ ಕ್ಷೇತ್ರ ಧರ್ಮಸ್ಥಳದ ಆಶ್ರಯದಲ್ಲಿ ಜನಜಾಗೃತಿ ವೇದಿಕೆಯು ಊರೂರುಗಳಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳನ್ನು ಕನ್ನಡಿಗರೆಲ್ಲ ಬಲ್ಲರು. ಎಂಟು ದಿನಗಳ ಕಾಲ ಶಿಬಿರಾರ್ಥಿಯು ಮನೆಯಿಂದಲೂ ಗೆಳೆಯರಿಂದಲೂ ಬೇರೆಯಾಗಿ, ಪ್ರಾರ್ಥನೆ, ವ್ಯಾಯಾಮ, ಉಪದೇಶಗಳ ನಡುವೆ ಇರುತ್ತಾನೆ. ಅಲ್ಲಿ ಅವನ ಹಳೆಯ ಹೊರಗಿನ ಸೂಚನೆಗಳಲ್ಲಿ ಬಹುಪಾಲು ಇರುವುದಿಲ್ಲ, ಆದುದರಿಂದ ಬಯಕೆಯೂ ಅವನೇ ಬೆರಗಾಗುವಷ್ಟು ತಣ್ಣಗಿರುತ್ತದೆ. ಅವನು ಗೆದ್ದೆನೆಂದುಕೊಳ್ಳುತ್ತಾನೆ. ಒಂಬತ್ತನೆಯ ದಿನ ಬಸ್ಸಿಳಿದು ವೈನ್ ಶಾಪಿನ ಅದೇ ತಿರುವಿನಲ್ಲಿ ನಡೆದು ಬರುವಾಗಲೇ ನಿಜವಾದ ಪರೀಕ್ಷೆ ಶುರುವಾಗುವುದು. ಶಿಬಿರದ ಬಳಿಕ ಪಾನಮುಕ್ತರನ್ನು ನವಜೀವನ ಸಮಿತಿಗಳಾಗಿ ಒಗ್ಗೂಡಿಸಿ ಮತ್ತೆ ಮತ್ತೆ ಸೇರಿಸುವ ಪದ್ಧತಿಯನ್ನು ಇಟ್ಟುಕೊಂಡವರಿಗೆ ಈ ಸತ್ಯ ಅನುಭವದಿಂದಲೇ ಗೋಚರವಾಗಿದೆ. ಹಳೆಯ ಸಂಜೆಯ ಸ್ಥಳದಲ್ಲಿ ಹೊಸ ಸಂಜೆಯೊಂದನ್ನು ಕೊಡದೆ ಬರಿಯ ಪ್ರತಿಜ್ಞೆ ಉಳಿಯಲಾರದು.

ಇನ್ನೊಂದು ವಿಷಯದಲ್ಲಿ ಮನೆಯವರು ಮೋಸಹೋಗುವುದುಂಟು. ದಿನ ಕಳೆದಂತೆ ಬಯಕೆ ಕ್ಷೀಣಿಸುತ್ತದೆ, ಎರಡು ತಿಂಗಳು ಕಳೆದರೆ ಭಯವಿಲ್ಲ ಎಂದು ಅವರು ಭಾವಿಸುತ್ತಾರೆ. ಕೊಕೇನ್ ರೂಢಿಯಾದ ಇಲಿಗಳಿಗೆ ಅದನ್ನು ನಿಲ್ಲಿಸಿ, ಅದರೊಡನೆ ಬರುತ್ತಿದ್ದ ದೀಪ ಮತ್ತು ನಾದಗಳನ್ನು ಮಾತ್ರ ಬೇರೆ ಬೇರೆ ದಿನಗಳ ಬಳಿಕ ಒಡ್ಡಿ ನೋಡಿದ ಯವಿನ್ ಷಾಹಮ್ ಮೊದಲಾದವರ 2001ರ ಪ್ರಯೋಗದಲ್ಲಿ, ಸೂಚನೆಗೆ ಇಲಿಗಳ ಪ್ರತಿಕ್ರಿಯೆಯು ಮೊದಲ ದಿನಕ್ಕಿಂತ ಎಷ್ಟೋ ಹೆಚ್ಚಾಗಿ ಅರವತ್ತನೆಯ ದಿನದವರೆಗೂ ಬೆಳೆಯುತ್ತ ಹೋಯಿತು. ದೇಹದ ಯಾತನೆ ವಾರದಲ್ಲಿ ಇಳಿಯುತ್ತದೆ. ಸೂಚನೆಯ ಶಕ್ತಿಯಾದರೋ ಆ ಮೌನದಲ್ಲಿ ಬಲಿಯುತ್ತಿರುತ್ತದೆ. ‘ಈಗ ಚೆನ್ನಾಗಿದ್ದಾನಲ್ಲ’ ಎಂದು ಕಾವಲು ಸಡಿಲಿಸುವ ಹೊತ್ತೇ ಕಾವಲು ಬೇಕಾದ ಹೊತ್ತು.

ಹಾಗಾದರೆ ಸೂಚನೆಯನ್ನು ದ್ರವ್ಯವಿಲ್ಲದೆ ಮತ್ತೆ ಮತ್ತೆ ತೋರಿಸಿ ಅದರ ಹಲ್ಲು ಕೀಳಬಾರದೇ ಎಂದು ವೈದ್ಯರು ಯೋಚಿಸಿದ್ದುಂಟು. ಚಿಕಿತ್ಸಾಲಯದಲ್ಲಿ ಅದು ಫಲಿಸಿತು. ಬೀದಿಯಲ್ಲಿ ಅಷ್ಟಾಗಿ ಫಲಿಸಲಿಲ್ಲ. ವರ್ಮಾಂಟ್ ವಿಶ್ವವಿದ್ಯಾನಿಲಯದ ಮಾರ್ಕ್ ಬೌಟನ್ ತೋರಿಸಿಕೊಟ್ಟಂತೆ, ಹೀಗೆ ಆರಿಹೋದಂತೆ ಕಾಣುವ ಅನುಬಂಧನವು ಅಳಿದಿರುವುದಿಲ್ಲ. ಅದರ ಮೇಲೆ ಇನ್ನೊಂದು ಕಲಿಕೆ ಕುಳಿತಿರುತ್ತದೆ, ಆ ಹೊಸ ಕಲಿಕೆ ಕಲಿತ ಸ್ಥಳಕ್ಕೇ ಅಂಟಿಕೊಂಡಿರುತ್ತದೆ, ಸ್ಥಳ ಬದಲಾದೊಡನೆ ಹಳೆಯದು ತಲೆಯೆತ್ತುತ್ತದೆ. ಹಳೆಯದನ್ನು ಅಳಿಸುವ ಔಷಧ ಇನ್ನೂ ಇಲ್ಲ.

ಇರುವ ಸಾಧನಗಳು ಕಡಿಮೆಯೇನಲ್ಲ. ಕುಡಿತಕ್ಕೂ ಅಫೀಮಿನ ವರ್ಗದ ಚಟಕ್ಕೂ ನಾಲ್ಟ್ರೆಕ್ಸೋನ್, ಎರಡನೆಯದಕ್ಕೆ ಬ್ಯೂಪ್ರೆನಾರ್ಫಿನ್ ಮತ್ತು ಮೆಥಡೋನ್, ತಂಬಾಕಿಗೆ ನಿಕೋಟಿನ್ ಚ್ಯೂಯಿಂಗ್ ಗಮ್ ಮೊದಲಾದವು ವೈದ್ಯರ ಸಲಹೆಯಂತೆ ಬಳಸಿದರೆ ಬಯಕೆಯ ಕಾವನ್ನು ತಗ್ಗಿಸುತ್ತವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ಕೇಂದ್ರವಿದೆ. ಕುಡಿತ ಬಹಳವಾಗಿದ್ದವನು ವೈದ್ಯರ ನೆರವಿಲ್ಲದೆ ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಮತ್ತು ಸನ್ನಿ ಬಂದು ಜೀವಕ್ಕೆ ಸಂಚಕಾರವಾಗಬಹುದೆಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಅಲನ್ ಮಾರ್ಲಟ್ ಕಲಿಸಿದ ಉಪಾಯವು ಔಷಧದಷ್ಟೇ ಬೆಲೆಯುಳ್ಳದ್ದು. ಬಯಕೆಯು ಏರುತ್ತ ಏರುತ್ತ ಹೋಗಿ ತೀರಿಸಿದಲ್ಲದೆ ಇಳಿಯದು ಎಂಬುದು ವ್ಯಸನಿಯ ಭಯ. ಅದು ಸಮುದ್ರದ ಅಲೆಯಂತೆ ಎದ್ದು, ತುದಿಗೇರಿ, ತಾನಾಗಿಯೇ ಮುರಿದು ಬೀಳುವಂಥದು, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ. ಅದರೊಡನೆ ಕಾದಾಡದೆ, ಅದಕ್ಕೆ ಶರಣಾಗದೆ, ಮೈಯಲ್ಲಿ ಎಲ್ಲೆಲ್ಲಿ ಅದು ಕಾಣಿಸುತ್ತದೆ ಎಂದು ಗಮನಿಸುತ್ತ ಆ ಹೊತ್ತನ್ನು ದಾಟಿದವನಿಗೆ ಮುಂದಿನ ಸಲ ದಾಟುವುದು ಕೊಂಚ ಸುಲಭವಾಗುತ್ತದೆ. ಒಮ್ಮೆ ಜಾರಿದರೂ ಎಲ್ಲವೂ ಮುಗಿಯಿತೆಂದು ಭಾವಿಸಬಾರದೆಂಬುದು ಅವರ ಇನ್ನೊಂದು ಮಾತು. ಜಾರಿದ ಮೇಲಿನ ಹತಾಶೆಯೇ ಜಾರಿದ್ದಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ.

ಆ ಅರ್ಧ ಗಂಟೆಯಲ್ಲಿ ಅವನು ಒಂಟಿಯಾಗಿರದಂತೆ ನೋಡಿಕೊಳ್ಳುವುದು ಮನೆಯವರ ಕೈಯಲ್ಲಿದೆ. ತಾಯಂದಿರಲ್ಲಿ, ಅಕ್ಕತಂಗಿಯರಲ್ಲಿ, ಹೆಂಡತಿ ಮಕ್ಕಳಲ್ಲಿ ನನ್ನ ವಿಜ್ಞಾಪನೆ ಇಷ್ಟೇ: ಬಿಟ್ಟುಬಂದವನನ್ನು ಮೊದಲ ಕೆಲವು ತಿಂಗಳು ವೈನ್ ಶಾಪಿರುವ ಬೀದಿಗೆ ಸಾಮಾನು ತರಲು ಕಳಿಸಬೇಡಿ, ಬಟವಾಡೆಯ ದಿನ ಮೇಸ್ತ್ರಿಯಿಂದ ಹಣವನ್ನು ನೀವೇ ತೆಗೆದುಕೊಳ್ಳುವ ಏರ್ಪಾಡನ್ನು ಅವನ ಒಪ್ಪಿಗೆಯಿಂದಲೇ ಮಾಡಿಕೊಳ್ಳಿ, ಮನೆಯಲ್ಲಿ ಉಳಿದ ಬಾಟಲಿ, ಲೋಟ, ಸುಣ್ಣದ ಡಬ್ಬಿಗಳನ್ನು ಎಸೆಯಿರಿ, ಅವನು ಕುಡಿಯುತ್ತಿದ್ದ ಹೊತ್ತಿಗೆ ಬೇರೊಂದು ಕೆಲಸವನ್ನೋ ಭಜನೆಯನ್ನೋ ಮಕ್ಕಳ ಪಾಠವನ್ನೋ ಇಟ್ಟುಕೊಳ್ಳಿ. ವ್ಯಸನಕ್ಕೆ ಸಿಕ್ಕವಳು ಹೆಣ್ಣಾಗಿದ್ದರೆ ನಿಂದೆ ಇಮ್ಮಡಿಯಾಗುವುದರಿಂದ ಆಕೆಗೆ ಈ ಆಸರೆ ಇನ್ನೂ ಹೆಚ್ಚಾಗಿ ಬೇಕು. ತುಡಿತ ಬಂದಿದೆಯೆಂದು ಅವರು ಬಾಯಿಬಿಟ್ಟು ಹೇಳಿದಾಗ ಬೈಯಬೇಡಿ. ಹೇಳಿಕೊಂಡದ್ದೇ ಅರ್ಧ ಗೆಲುವು. ಮಾನಸಿಕ ಆರೋಗ್ಯದ ನೆರವಿಗೆ ಟೆಲಿ ಮನಸ್ 14416, ಮಾದಕ ವ್ಯಸನ ನಿವಾರಣೆಯ ರಾಷ್ಟ್ರೀಯ ಸಹಾಯವಾಣಿ 14446. ಎರಡಕ್ಕೂ ಶುಲ್ಕವಿಲ್ಲ, ವ್ಯಸನಿಯೇ ಕರೆಮಾಡಬೇಕೆಂದೇನೂ ಇಲ್ಲ, ಮನೆಯವರು ಯಾರು ಬೇಕಾದರೂ ಮಾಡಬಹುದು. ಈ ಎರಡು ಸಂಖ್ಯೆಗಳನ್ನು ಇಂದೇ ಬರೆದಿಟ್ಟುಕೊಳ್ಳಿ.